ಹೆರಿಗೆ ಮಾಡಿಸದ ಕಾರ್ಯಕರ್ತೆ ತಾಯಂದಿರನ್ನು ಉಳಿಸುವುದು ಹೇಗೆ?

ಒಂದು ಲಕ್ಷ ಮಕ್ಕಳು ಹುಟ್ಟುವಷ್ಟರಲ್ಲಿ 1,071 ತಾಯಂದಿರ ಸಾವು. 2000ನೇ ಇಸವಿಯ ಆರೋಗ್ಯ ಸಮೀಕ್ಷೆಯಲ್ಲಿ ರುವಾಂಡಾಕ್ಕೆ ಸಿಕ್ಕ ಲೆಕ್ಕ ಇದು. ಬಿಡಿಸಿ ಹೇಳಿದರೆ ನೂರು ಹೆರಿಗೆಗೆ ಹೆಚ್ಚುಕಡಿಮೆ ಒಂದು ಸಾವು. 2019-20ರ ಸಮೀಕ್ಷೆಯ ಹೊತ್ತಿಗೆ ಅದು 203ಕ್ಕೆ ಇಳಿದಿತ್ತು. ಇದೇ ಅವಧಿಯಲ್ಲಿ ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಆಗುವ ಹೆರಿಗೆ ನೂರಕ್ಕೆ ಸುಮಾರು 27ರಿಂದ 93ಕ್ಕೆ ಏರಿತು.

ರುವಾಂಡಾ ಕೇರಳಕ್ಕಿಂತ ಚಿಕ್ಕ ದೇಶ, ತುಂಬ ಗುಡ್ಡಗಳೇ. 1994ರಲ್ಲಿ ನೂರು ದಿನ ನಡೆದ ನರಮೇಧದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ವೈದ್ಯರು, ದಾದಿಯರು ಸತ್ತರು ಇಲ್ಲವೇ ಊರು ಬಿಟ್ಟು ಓಡಿದರು. ಅಂಥ ದೇಶ ಇಪ್ಪತ್ತು ವರ್ಷದಲ್ಲಿ ಇಷ್ಟು ಸುಧಾರಿಸಿದ್ದು ಹೇಗೆ ಎಂದು ಕೇಳಿದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರತ್ತ. ಅದು ನಿಜವೇ. ಆದರೆ ಒಂದು ಸೋಜಿಗವಿದೆ. ಈ ಕಾರ್ಯಕರ್ತೆ ಹೆರಿಗೆ ಮಾಡಿಸುವುದಿಲ್ಲ. ಚುಚ್ಚುಮದ್ದು ಕೊಟ್ಟು ರಕ್ತಸ್ರಾವ ನಿಲ್ಲಿಸುವುದು ಆಕೆಗೆ ಬರುವುದಿಲ್ಲ, ಸಿಸೇರಿಯನ್ ಅಂತೂ ದೂರದ ಮಾತು. ಹಾಗಿದ್ದೂ ಆಕೆಯಿಂದ ಜೀವ ಉಳಿಯುತ್ತದೆ. ಹೇಗೆ ಎಂದು ತಿಳಿಯಬೇಕಾದರೆ ತಾಯಿಯ ಸಾವು ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮೂರು ತಡಗಳು

2023ರಲ್ಲಿ ಬಸಿರು, ಹೆರಿಗೆ, ಬಾಣಂತನದ ಕಾರಣಗಳಿಗೆ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಸತ್ತರೆಂದು ವಿಶ್ವಸಂಸ್ಥೆಯ ಸಂಸ್ಥೆಗಳು ಅಂದಾಜಿಸಿವೆ. ದಿನಕ್ಕೆ ಏಳುನೂರಕ್ಕೂ ಹೆಚ್ಚು. ಇವರಲ್ಲಿ ನೂರಕ್ಕೆ 70 ಮಂದಿ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದವರು. ಕಾರಣಗಳಲ್ಲಿ ಹೊಸದೇನಿಲ್ಲ: ಹೆರಿಗೆಯ ನಂತರದ ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ಸೋಂಕು, ಮಗು ಅಡ್ಡಲಾಗಿ ಅಥವಾ ಸಿಕ್ಕಿಕೊಂಡು ಹೆರಿಗೆ ನಿಂತುಹೋಗುವುದು, ಅಸುರಕ್ಷಿತ ಗರ್ಭಪಾತ. ಒಂದೊಂದಕ್ಕೂ ಮದ್ದಿದೆ, ಮದ್ದು ಕಂಡುಹಿಡಿದು ಹಲವು ದಶಕಗಳೇ ಆಗಿವೆ. ಆದರೂ ಸಾಯುತ್ತಾರೆ ಎಂದರೆ ಮದ್ದಿಗೂ ತಾಯಿಗೂ ನಡುವೆ ಹೊತ್ತು ಕಳೆದುಹೋಗುತ್ತಿದೆ ಎಂದರ್ಥ.

ಈ ಹೊತ್ತು ಎಲ್ಲಿ ಕಳೆಯುತ್ತದೆ ಎಂಬುದನ್ನು 1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇಯ್ನ್ ಎಂಬ ಇಬ್ಬರು ಸಂಶೋಧಕರು ಮೂರು ಭಾಗ ಮಾಡಿ ತೋರಿಸಿದರು. ಮೊದಲನೆಯದು ಹೊರಡುವ ನಿರ್ಧಾರಕ್ಕೆ ಆಗುವ ತಡ. ಮನೆಯವರಿಗೆ ಅಪಾಯ ಗೊತ್ತಾಗುವುದಿಲ್ಲ, ಗೊತ್ತಾದರೂ ಗಂಡ ಊರಲ್ಲಿಲ್ಲ, ಅತ್ತೆ ಒಪ್ಪಲಿಲ್ಲ, ಕೈಯಲ್ಲಿ ಕಾಸಿಲ್ಲ. ಎರಡನೆಯದು ದಾರಿಯ ತಡ: ರಸ್ತೆಯಿಲ್ಲ, ವಾಹನ ಸಿಗುವುದಿಲ್ಲ, ರಾತ್ರಿ ಮಳೆ. ಮೂರನೆಯದು ತಲುಪಿದ ಮೇಲಿನ ತಡ. ದಾದಿ ಇಲ್ಲ, ರಕ್ತ ಇಲ್ಲ, ಕರೆಂಟ್ ಇಲ್ಲ, ಹಣ ಕಟ್ಟುವ ತನಕ ಯಾರೂ ಮುಟ್ಟುವುದಿಲ್ಲ. ತಾಯಂದಿರ ಆರೋಗ್ಯದ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಇದೇ ಲೆಕ್ಕ ಹಿಡಿದು ಯೋಚಿಸುತ್ತಾರೆ.

ಹೆರಿಗೆಯಾದ ಮೇಲೆ ರಕ್ತ ಜೋರಾಗಿ ಹರಿಯತೊಡಗಿದರೆ ಸಾಮಾನ್ಯವಾಗಿ ಎರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ನಿರ್ಧಾರಕ್ಕೆ ಒಂದು ಗಂಟೆ, ದಾರಿಗೆ ಒಂದು ಗಂಟೆ ಹೋದರೆ ಉಳಿಯುವುದೇನೂ ಇಲ್ಲ. ಕಾರ್ಯಕರ್ತೆಯ ಕೈ ನೇರವಾಗಿ ಎಟಕುವುದು ಮೊದಲನೆಯ ತಡಕ್ಕೆ. ಎರಡನೆಯದಕ್ಕೆ ಅರ್ಧ ಎಟಕುತ್ತದೆ. ಮೂರನೆಯದು ಆಕೆಯ ಕೈಯಲ್ಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ಹಳ್ಳಿಗೆ ಹೋಗೋಣ.

ಊರಿಗೆ ಮೂವರು

ರುವಾಂಡಾದಲ್ಲಿ ಸರ್ಕಾರದ ಲೆಕ್ಕದ ಹಳ್ಳಿಗಳು 14,837. ಹಳ್ಳಿ ಎಂದರೆ ನೂರರಿಂದ ಇನ್ನೂರು ಮನೆಗಳ ಆಸುಪಾಸು, ಗುಡ್ಡದ ಇಳಿಜಾರಿನಲ್ಲಿ ಬಾಳೆ, ಬೀನ್ಸ್, ಆಲೂಗಡ್ಡೆ ಹೊಲಗಳ ನಡುವೆ ಚದುರಿದ ಬಿಡಿ ಮನೆಗಳು. ಸಮುದಾಯ ಆರೋಗ್ಯ ಕಾರ್ಯಕರ್ತರ ಪದ್ಧತಿ 1995ರಲ್ಲಿ ಶುರುವಾಯಿತು. ಅದು ಬೆಳೆದು ನಿಂತ ರೂಪದಲ್ಲಿ ಊರಿಗೆ ಮೂವರು: ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಜೋಡಿ, ಜೊತೆಗೆ ತಾಯಂದಿರಿಗೆಂದೇ ಇನ್ನೊಬ್ಬ ಹೆಂಗಸು. ದೇಶಕ್ಕೆಲ್ಲ ಸುಮಾರು 45,000 ಮಂದಿ. ಜೋಡಿಯ ಕೆಲಸ ಐದು ವರ್ಷದೊಳಗಿನ ಮಕ್ಕಳ ಜ್ವರ, ಭೇದಿ, ನ್ಯುಮೋನಿಯಾ ನೋಡಿಕೊಳ್ಳುವುದು. ಮಲೇರಿಯಾ ಪರೀಕ್ಷೆ ಮಾಡಿ ಸ್ಥಳದಲ್ಲೇ ಮಾತ್ರೆ ಕೊಡುವುದು. ಮೂರನೆಯಾಕೆಯ ಕೆಲಸ ಬಸುರಿ, ಬಾಣಂತಿ ಮತ್ತು ಎಳೆಗೂಸು. ಈಚೆಗೆ ಈ ವಿಂಗಡಣೆ ಸಡಿಲಿಸಿ ಎಲ್ಲ ಕಾರ್ಯಕರ್ತರೂ ಎಲ್ಲ ಕೆಲಸ ಕಲಿಯುವ ಕಡೆಗೆ ದೇಶ ಹೊರಳಿದೆ. ಆದರೆ ತಾಯಂದಿರ ಸಾವು ತಗ್ಗಿದ ವರ್ಷಗಳಲ್ಲಿ ನಡೆದದ್ದು ಈ ಮೂವರ ಪದ್ಧತಿ.

ಇವರನ್ನು ಸರ್ಕಾರ ನೇಮಿಸುವುದಿಲ್ಲ, ಊರಿನವರು ಸಭೆ ಸೇರಿ ಆರಿಸುತ್ತಾರೆ. ಅದೇ ಊರಿನಲ್ಲಿ ವಾಸವಿರಬೇಕು, ಓದು ಬರಹ ಗೊತ್ತಿರಬೇಕು, ಊರಿಗೆ ನಂಬಿಕೆ ಇರಬೇಕು. ಕೊನೆಯ ಅರ್ಹತೆಯೇ ಮುಖ್ಯ. ಮುಟ್ಟು ನಿಂತ ಸುದ್ದಿಯನ್ನು ಹೆಂಗಸೊಬ್ಬಳು ಮೊದಲು ಯಾರಿಗೆ ಹೇಳುತ್ತಾಳೆ ಎಂಬುದರ ಮೇಲೆ ಇಡೀ ಪದ್ಧತಿ ನಿಂತಿದೆ. ಹೊರಗಿನಿಂದ ಬಂದ ದಾದಿಗೆ ಆರನೇ ತಿಂಗಳಲ್ಲಿ ಗೊತ್ತಾಗುವುದು ಪಕ್ಕದ ಮನೆಯಾಕೆಗೆ ಎರಡನೇ ತಿಂಗಳಲ್ಲೇ ಗೊತ್ತಾಗುತ್ತದೆ.

ಒಂದು ಬಸಿರಿನ ಜಾಡು

ದೇಶದ ಉತ್ತರಕ್ಕೆ, ವಿರುಂಗಾ ಜ್ವಾಲಾಮುಖಿ ಬೆಟ್ಟಗಳ ಬುಡದಲ್ಲಿರುವ ಮುಸಾಂಜೆ ಜಿಲ್ಲೆಯ ಒಂದು ಊರು, ಅಲ್ಲಿ ಬಸುರಿಯೊಬ್ಬಳು ಎಂದುಕೊಳ್ಳೋಣ. ಕೆಲಸ ಹೀಗೆ ಸಾಗುತ್ತದೆ.

ಕಾರ್ಯಕರ್ತೆ ಆಗಾಗ ಮನೆಮನೆಗೆ ಹೋಗಿ ಬರುತ್ತಾಳೆ. ಹೆರುವ ವಯಸ್ಸಿನ ಹೆಂಗಸರ ಪಟ್ಟಿ ಆಕೆಯ ಪುಸ್ತಕದಲ್ಲಿ ಇರುತ್ತದೆ. ಮುಟ್ಟು ನಿಂತದ್ದು ತಿಳಿದ ಕೂಡಲೇ ಹೆಸರು, ಕೊನೆಯ ಮುಟ್ಟಿನ ದಿನ, ಹಿಂದಿನ ಹೆರಿಗೆಗಳ ವಿವರ ಬರೆದುಕೊಳ್ಳುತ್ತಾಳೆ. ಹಿಂದೆ ಮಗು ಸತ್ತಿದೆಯೇ, ಸಿಸೇರಿಯನ್ ಆಗಿದೆಯೇ, ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋಗಿತ್ತೇ ಎಂದು ಕೇಳುತ್ತಾಳೆ. ಹೌದು ಎಂದರೆ ಅದು ಎಚ್ಚರಿಕೆಯ ಬಸಿರು.

ಆಮೇಲಿನ ಕೆಲಸ, ಮೊದಲ ತಪಾಸಣೆಗೆ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಅಲ್ಲಿ ದಾದಿ ಬಿಪಿ ನೋಡುತ್ತಾಳೆ, ರಕ್ತ ಪರೀಕ್ಷೆ, ಎಚ್‌ಐವಿ ಪರೀಕ್ಷೆ, ಧನುರ್ವಾಯು ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ, ಸೊಳ್ಳೆಪರದೆ. ಗಂಡನೂ ಜೊತೆಗೆ ಬರಬೇಕೆಂದು ರುವಾಂಡಾದ ಆರೋಗ್ಯ ಕೇಂದ್ರಗಳು ಕೇಳುತ್ತವೆ. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆಯಲು ಇಬ್ಬರ ಪರೀಕ್ಷೆಯೂ ಬೇಕು. ಒಳ್ಳೆಯದೇ, ಆದರೆ ಗಂಡ ದೂರದ ಊರಿಗೆ ದುಡಿಯಲು ಹೋದವಳಿಗೆ, ಗಂಡನೇ ಇಲ್ಲದವಳಿಗೆ ಈ ನಿಯಮವೇ ಅಡ್ಡಿಯಾದದ್ದೂ ಉಂಟು. ಒಮ್ಮೆಯಾದರೂ ತಪಾಸಣೆಗೆ ಬರುವವರು ರುವಾಂಡಾದಲ್ಲಿ ಹೆಚ್ಚುಕಡಿಮೆ ಎಲ್ಲರೂ. ನಾಲ್ಕು ಸಲ ಬರುವವರು 2019-20ರಲ್ಲೂ ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಬರುವುದೇ ತಡವಾದರೆ ನಾಲ್ಕು ಸಲ ಆಗುವುದಾದರೂ ಹೇಗೆ?

ನಡುನಡುವೆ ಕಾರ್ಯಕರ್ತೆ ಮನೆಗೆ ಬರುತ್ತಾಳೆ. ಆಕೆಯ ಮಾತು ಬಹುಪಾಲು ಅಪಾಯದ ಗುರುತುಗಳ ಬಗ್ಗೆ: ಕೈ, ಮುಖ ಊದಿಕೊಂಡು ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಯಾವುದೇ ತಿಂಗಳಲ್ಲಿ ರಕ್ತ ಕಾಣುವುದು, ಜ್ವರ, ಹೊಟ್ಟೆಯಲ್ಲಿ ಮಗು ಮಿಸುಕಾಡದಿರುವುದು, ನೋವು ಬರುವ ಮೊದಲೇ ನೀರು ಹೋಗುವುದು. ಬಸುರಿಗೆ ಹೇಳಿದರಷ್ಟೇ ಸಾಲದು. ಆಕೆಯ ಗಂಡ, ಅತ್ತೆ ಕೇಳಿಸಿಕೊಳ್ಳುವಂತೆ ಹೇಳಬೇಕು, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಹೊರಡೋಣ ಎನ್ನಬೇಕಾದವರು ಅವರು. ಎಂಟು ತಿಂಗಳು ತುಂಬುವ ಹೊತ್ತಿಗೆ ಹೆರಿಗೆಯ ಸಿದ್ಧತೆ ಮಾತಾಗಬೇಕು: ಯಾವ ಕೇಂದ್ರ, ಯಾರು ಜೊತೆಗೆ ಹೋಗುತ್ತಾರೆ, ಮನೆಯಲ್ಲಿರುವ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ವಿಮೆಯ ಹಣ ಕಟ್ಟಿದೆಯೇ, ಬಟ್ಟೆ ಹೊಂದಿಸಿ ಇಟ್ಟಿದೆಯೇ. ಕೇಳಲು ಸಣ್ಣ ವಿಷಯಗಳು. ಮೊದಲನೆಯ ತಡ ಕರಗುವುದು ಇವುಗಳಿಂದಲೇ.

ನೋವು ಶುರುವಾದಾಗ ಕಾರ್ಯಕರ್ತೆ ಜೊತೆಗೆ ಹೊರಡುತ್ತಾಳೆ. ರಸ್ತೆ ಮುಟ್ಟದ ಗುಡ್ಡಗಳಲ್ಲಿ ಊರಿನ ಗಂಡಸರು ಹೆಗಲು ಕೊಟ್ಟು ಹೊರುವ ಬೆತ್ತದ ಡೋಲಿ ಬಹಳ ಹಿಂದಿನಿಂದ ಬಂದದ್ದು. ಇಂಗೊಬಿ ಎಂದು ಅದರ ಹೆಸರು. ರಸ್ತೆಯ ತನಕ ಡೋಲಿ, ಅಲ್ಲಿಂದ ಆಂಬುಲೆನ್ಸ್.

ಹೆರಿಗೆಯಾಗಿ ಮನೆಗೆ ಬಂದ ಮೇಲೂ ಆಕೆಯ ಕೆಲಸ ಮುಗಿಯುವುದಿಲ್ಲ. ಮೊದಲ ವಾರದಲ್ಲಿ ಮತ್ತೆ ಮತ್ತೆ ಹೋಗಿ ನೋಡಬೇಕು. ಮಗುವಿನ ಹೊಕ್ಕುಳ ಕೀವಾಗಿದೆಯೇ, ಮೈ ತಣ್ಣಗಿದೆಯೇ, ಗಿಣ್ಣು ಹಾಲು ಚೆಲ್ಲದೆ ಕುಡಿಸಿದ್ದಾರೆಯೇ, ತಾಯಿಗೆ ಚಳಿಜ್ವರ ಬಂದಿದೆಯೇ, ಸ್ರಾವ ನಾರುತ್ತಿದೆಯೇ. ಬಾಣಂತಿ ಸೋಂಕಿನಿಂದ ಸಾಯುವುದು ಈ ದಿನಗಳಲ್ಲೇ. ಆಮೇಲೆ ಮುಂದಿನ ಮಗುವಿಗೆ ಅಂತರ ಇಡುವ ಮಾತು. ಮಾತ್ರೆ, ಚುಚ್ಚುಮದ್ದಿನಂಥ ಕುಟುಂಬ ಯೋಜನೆಯ ಸಾಧನಗಳನ್ನು ರುವಾಂಡಾದ ಕಾರ್ಯಕರ್ತರು ಊರಿನಲ್ಲೇ ಒದಗಿಸುತ್ತಾರೆ. ಬೇಡದ ಬಸಿರು ಆಗದಿದ್ದರೆ ಅದರ ಅಪಾಯವೂ ಇಲ್ಲ. ತಾಯಂದಿರ ಸಾವು ತಗ್ಗಿಸುವ ಅಗ್ಗದ ಉಪಾಯಗಳಲ್ಲಿ ಇದೂ ಒಂದು.

ಮೊಬೈಲಿನ ಸಂದೇಶ

2009ರಲ್ಲಿ ಮುಸಾಂಜೆ ಜಿಲ್ಲೆಯಲ್ಲಿ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ಶುರುವಾಯಿತು. 432 ಕಾರ್ಯಕರ್ತೆಯರಿಗೆ ಮೊಬೈಲ್ ಕೊಟ್ಟು ತರಬೇತಿ ನೀಡಿದರು. ಪದ್ಧತಿಯ ಹೆಸರು ರ‍್ಯಾಪಿಡ್‌ಎಸ್‌ಎಂಎಸ್. ಸ್ಮಾರ್ಟ್‌ಫೋನ್ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ, ಬಟನ್ ಫೋನಿನ ಮಾಮೂಲಿ ಎಸ್‌ಎಂಎಸ್ ಸಾಕು.

ಕಾರ್ಯಕರ್ತೆ ಕಳುಹಿಸುವ ಸಂದೇಶ ಒಂದೇ ಸಾಲು. ಮೊದಲಿಗೆ ವಿಷಯದ ಸಂಕೇತ: ಬಸಿರಾದರೆ ಒಂದು, ಅಪಾಯಕ್ಕೆ ಒಂದು, ಹೆರಿಗೆಯಾಯಿತು ಎನ್ನಲು ಇನ್ನೊಂದು. ಆಮೇಲೆ ತಾಯಿಯ 16 ಅಂಕಿಯ ಗುರುತಿನ ಸಂಖ್ಯೆ, ಕೊನೆಯ ಮುಟ್ಟಿನ ದಿನಾಂಕ, ಅಪಾಯದ ಗುರುತುಗಳಿದ್ದರೆ ಅವುಗಳ ಸಂಕೇತ. ಕಳುಹಿಸಲು ಆಕೆಗೆ ಖರ್ಚಿಲ್ಲ. ಸಂದೇಶ ಸೇರುವುದು ಒಂದು ಕೇಂದ್ರ ಕಂಪ್ಯೂಟರ್‌ಗೆ. ಅದು ದಿನ ಲೆಕ್ಕ ಹಾಕಿ, ತಪಾಸಣೆಯ ದಿನ ಹತ್ತಿರ ಬಂತು, ಹೆರಿಗೆಯ ದಿನ ಹತ್ತಿರ ಬಂತು ಎಂದು ಕಾರ್ಯಕರ್ತೆಗೆ ತಿರುಗಿ ನೆನಪಿಸುತ್ತದೆ. ಅಪಾಯದ ಸಂಕೇತ ಬಂದರೆ ಆರೋಗ್ಯ ಕೇಂದ್ರಕ್ಕೂ ಆಂಬುಲೆನ್ಸ್ ನೋಡಿಕೊಳ್ಳುವವರಿಗೂ ಜಿಲ್ಲಾ ಆಸ್ಪತ್ರೆಗೂ ಒಟ್ಟಿಗೆ ಸಂದೇಶ ಹೋಗುತ್ತದೆ, ಏನು ಮಾಡಬೇಕೆಂಬ ಸೂಚನೆ ಕಾರ್ಯಕರ್ತೆಗೆ ಬರುತ್ತದೆ.

ಪ್ರಯೋಗದ ಹನ್ನೆರಡು ತಿಂಗಳಲ್ಲಿ ಆ ಜಿಲ್ಲೆಯ ಆಸ್ಪತ್ರೆ ಹೆರಿಗೆ ನೂರಕ್ಕೆ 72ರಿಂದ 92ಕ್ಕೆ ಏರಿತೆಂದು ವರದಿಯಾಯಿತು. ಸರ್ಕಾರ ಅದನ್ನು ದೇಶಕ್ಕೆಲ್ಲ ಹರಡಿತು. ಸುದ್ದಿ ಹೊರಗೂ ಹರಡಿ, ಒಂದು ಎಸ್‌ಎಂಎಸ್ ತಾಯಂದಿರನ್ನು ಉಳಿಸುತ್ತದೆ ಎಂಬ ಕಥೆ ಹುಟ್ಟಿಕೊಂಡಿತು.

ಕೆಲವು ವರ್ಷಗಳ ನಂತರ ಸಂಶೋಧಕರು ಇಡೀ ದೇಶದ ಆರೋಗ್ಯ ಕೇಂದ್ರಗಳ ಲೆಕ್ಕಪುಸ್ತಕಗಳನ್ನು ಮುಂದಿಟ್ಟುಕೊಂಡು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಇಷ್ಟು: ಸಂದೇಶ ಪದ್ಧತಿಯ ಜೊತೆಗೆ ಹೆಚ್ಚಿನ ತರಬೇತಿ, ಮೇಲ್ವಿಚಾರಣೆ, ಸಲಕರಣೆ ಸಿಕ್ಕ ಜಿಲ್ಲೆಗಳಲ್ಲಿ ಸುಧಾರಣೆ ಕಂಡಿತು. ಬರಿಯ ಸಂದೇಶ ಪದ್ಧತಿ ಮಾತ್ರ ಬಂದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಪಾಯದ ಸಂದೇಶ ಬಂದಾಗ ಓದಲು ಒಬ್ಬರು, ಹೊರಡಲು ಒಂದು ಗಾಡಿ, ಗಾಡಿಗೆ ಡೀಸೆಲ್, ತಲುಪಿದಾಗ ಎಚ್ಚರವಿರುವ ದಾದಿ ಇಲ್ಲದಿದ್ದರೆ ಫೋನು ಎಷ್ಟು ಸಲ ಬಡಿದುಕೊಂಡರೆ ಏನು ಬಂತು?

ದಾರಿಯಲ್ಲೇ ಹೆರಿಗೆಯಾದರೆ

ಎಷ್ಟು ಸಿದ್ಧತೆ ಮಾಡಿದರೂ ಕೆಲವು ಹೆರಿಗೆ ಮನೆಯಲ್ಲೋ ದಾರಿಯಲ್ಲೋ ಆಗಿಬಿಡುತ್ತವೆ. ಆಗ ಹೆದರಬೇಕಾದ್ದು ರಕ್ತಸ್ರಾವಕ್ಕೆ. ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುರಿಕೊಂಡರೆ ಒಳಗಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಮುದುರದಿದ್ದರೆ ರಕ್ತ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಸೂಜಿ ಹಾಕಲು ಕಲಿತವರು ಬೇಕು. ಕರೆಂಟಿಲ್ಲದ ಊರಿನಲ್ಲಿ ಎರಡೂ ಆಗದ ಮಾತು.

ಅದಕ್ಕೆ ಬದಲಿಯಾಗಿ ಬಂದದ್ದು ಮಿಸೊಪ್ರೊಸ್ಟಾಲ್ ಮಾತ್ರೆ. 200 ಮೈಕ್ರೋಗ್ರಾಮಿನ ಮೂರು ಮಾತ್ರೆ, ಮಗು ಹುಟ್ಟಿದ ಕೂಡಲೇ ನುಂಗಬೇಕು. ಫ್ರಿಜ್ ಬೇಡ, ಸೂಜಿ ಬೇಡ. ಅಗ್ಗವೂ ಹೌದು. ರುವಾಂಡಾ ಮೊದಲು ಕೆಲವೇ ಜಿಲ್ಲೆಗಳಲ್ಲಿ ಕೊಟ್ಟು ನೋಡಿ, ಆಮೇಲೆ ತಾಯಂದಿರ ಕಾರ್ಯಕರ್ತೆಯ ಚೀಲಕ್ಕೆ ಇದನ್ನು ಸೇರಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ತರಬೇತಿಯಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಿಸುವ ಪಾಠವೂ ಇದೇ: ಮಾತ್ರೆ ಕೊಡುವ ಮೊದಲು ಹೊಟ್ಟೆ ಮುಟ್ಟಿ ನೋಡಿ ಒಳಗೆ ಇನ್ನೊಂದು ಮಗು ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅವಳಿಯಿದ್ದು, ಒಂದು ಮಗು ಹುಟ್ಟಿದೊಡನೆ ಮಾತ್ರೆ ಕೊಟ್ಟರೆ ಗರ್ಭಕೋಶ ಬಿಗಿದು ಒಳಗಿನ ಮಗುವಿಗೂ ತಾಯಿಗೂ ಅಪಾಯ. ಹೆರಿಗೆ ಬೇಗ ಆಗಲಿ ಎಂದು ಮುಂಚೆಯೇ ಕೊಡುವಂತೆಯೂ ಇಲ್ಲ. ಮಾತ್ರೆ ನುಂಗಿದ ಮೇಲೆ ಮೈ ನಡುಗಬಹುದು, ಜ್ವರ ಬರಬಹುದು. ಅದಕ್ಕೆ ಹೆದರಬಾರದು ಎಂದೂ ಮೊದಲೇ ಹೇಳಿರಬೇಕು. ಮಾತ್ರೆ ಕೊಟ್ಟಾಯಿತು ಎಂದು ಮನೆಯಲ್ಲೇ ಕೂರುವಂತಿಲ್ಲ, ತಾಯಿ ಮಗು ಇಬ್ಬರನ್ನೂ ಕೇಂದ್ರಕ್ಕೆ ಕರೆದೊಯ್ಯಲೇಬೇಕು.

ಆಕೆಯ ಬೆನ್ನಿಗೆ ಏನಿತ್ತು

ಕಾರ್ಯಕರ್ತೆ ಒಬ್ಬಳನ್ನು ಕಳುಹಿಸಿಕೊಟ್ಟಾಗ ಆ ತುದಿಯಲ್ಲಿ ಬಾಗಿಲು ತೆರೆದಿರಬೇಕು. ರುವಾಂಡಾದಲ್ಲಿ ಆ ಬಾಗಿಲು ತೆರೆದದ್ದು ಮೂರು ಕೆಲಸ ಒಟ್ಟಿಗೆ ಆದದ್ದರಿಂದ.

ಮೊದಲನೆಯದು ವಿಮೆ. ಮ್ಯುಚುಯೆಲ್ ಎಂದು ಕರೆಯುವ ಸಮುದಾಯ ಆರೋಗ್ಯ ವಿಮೆ 1999ರಲ್ಲಿ ಪ್ರಯೋಗವಾಗಿ ಶುರುವಾಗಿ ಮುಂದೆ ಇಡೀ ದೇಶಕ್ಕೆ ಬಂತು. ವರ್ಷಕ್ಕೆ ತಲೆಗಿಷ್ಟು ಕಂತು. ಕಡುಬಡವರ ಕಂತನ್ನು ಸರ್ಕಾರ ಮತ್ತು ದಾನಿ ಸಂಸ್ಥೆಗಳು ಕಟ್ಟುತ್ತವೆ. ಆರೋಗ್ಯ ಕೇಂದ್ರಕ್ಕೆ ಹೋದಾಗ ಕೈಯಿಂದ ಕೊಡುವುದು ಚಿಲ್ಲರೆ ಹಣ, ಆಸ್ಪತ್ರೆಯಲ್ಲಿ ಬಿಲ್ಲಿನ ಹತ್ತನೇ ಒಂದು ಭಾಗ. ದುಡ್ಡಿಲ್ಲವೆಂದು ಮನೆಯಲ್ಲೇ ಉಳಿಯುವ ಕಾರಣ ಇದರಿಂದ ಸಡಿಲವಾಯಿತು.

ಎರಡನೆಯದು ಹೊಣೆಗಾರಿಕೆ. 2006ರಿಂದ ಜಿಲ್ಲೆಯ ಮೇಯರ್‌ಗಳು ಆ ವರ್ಷ ಮಾಡಬೇಕಾದ ಕೆಲಸಗಳ ಒಪ್ಪಂದಕ್ಕೆ ಅಧ್ಯಕ್ಷರ ಮುಂದೆ ಸಹಿ ಹಾಕುತ್ತಾರೆ, ಇಮಿಹಿಗೊ ಎಂದು ಅದಕ್ಕೆ ಹೆಸರು. ಆಸ್ಪತ್ರೆ ಹೆರಿಗೆ, ವಿಮೆಯ ನೋಂದಣಿ ಅಂಥ ಒಪ್ಪಂದಗಳಲ್ಲಿ ಬರುವ ಬಾಬತ್ತುಗಳು. ಜೊತೆಗೆ, ಆಸ್ಪತ್ರೆಯಲ್ಲಿ ತಾಯಿ ಸತ್ತರೆ ಯಾಕೆ ಸತ್ತಳು, ಎಲ್ಲಿ ತಡವಾಯಿತು ಎಂದು ಕೂತು ಪರಿಶೀಲಿಸುವ ಪದ್ಧತಿಯೂ ಬಂತು. ಈ ಕಟ್ಟುನಿಟ್ಟಿಗೆ ಇನ್ನೊಂದು ಮುಖವಿದೆ. ಮೇಲಿನಿಂದ ಗುರಿಯ ಒತ್ತಡ ಜೋರಾದರೆ ಕೆಳಗೆ ಹೆಂಗಸರ ಮೇಲೆ ಬಲವಂತ ನಡೆಯುವುದು ಸುಲಭ. ಇನ್ನೊಂದು ಆಫ್ರಿಕನ್ ದೇಶವಾದ ಮಲಾವಿಯಲ್ಲಿ ಮನೆಯಲ್ಲಿ ಹೆತ್ತರೆ ಕೋಳಿಯನ್ನೋ ಮೇಕೆಯನ್ನೋ ದಂಡ ಕಟ್ಟಬೇಕೆಂದು ಊರಿನ ಮುಖ್ಯಸ್ಥರು ಕಟ್ಟಳೆ ಮಾಡಿದ್ದರು. ಆಸ್ಪತ್ರೆ ಹೆರಿಗೆ ಹೆಚ್ಚಿದ್ದು ನಿಜ. ದಾರಿಯಲ್ಲಿ ಹೆತ್ತವಳು ದಂಡಕ್ಕೆ ಹೆದರಿ ಸುಮ್ಮನಾಗುವ ಅಪಾಯವೂ ಅಷ್ಟೇ ನಿಜ.

ಮೂರನೆಯದು ರಕ್ತ. ಸಿಸೇರಿಯನ್ ಮಾಡುವ ಜಿಲ್ಲಾ ಆಸ್ಪತ್ರೆಯಲ್ಲಿ ಬೇಕಾದ ಗುಂಪಿನ ರಕ್ತ ಇಲ್ಲದಿದ್ದರೆ ಹಿಂದಿನ ಎಲ್ಲ ಶ್ರಮ ನೀರಲ್ಲಿ ಹೋಮ. 2016ರ ಅಕ್ಟೋಬರ್‌ನಲ್ಲಿ ಮುಹಾಂಗಾ ಎಂಬಲ್ಲಿಂದ ಜಿಪ್‌ಲೈನ್ ಕಂಪನಿಯ ಡ್ರೋನ್‌ಗಳು ಆಸ್ಪತ್ರೆಗಳಿಗೆ ರಕ್ತ ಒಯ್ಯತೊಡಗಿದವು. ಆಸ್ಪತ್ರೆಯಿಂದ ಕೋರಿಕೆ ಬಂದರೆ ಪುಟ್ಟ ವಿಮಾನ ಹಾರಿ ಬಂದು ರಕ್ತದ ಪೆಟ್ಟಿಗೆಯನ್ನು ಕಾಗದದ ಪ್ಯಾರಾಚೂಟ್‌ನಲ್ಲಿ ಇಳಿಬಿಟ್ಟು ಹೋಗುತ್ತದೆ. 2022ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ರಸ್ತೆಗಿಂತ ಬೇಗ ತಲುಪಿದ್ದಷ್ಟೇ ಅಲ್ಲದೆ, ಅವಧಿ ಮೀರಿ ಹಾಳಾಗುವ ರಕ್ತದ ಪ್ರಮಾಣ ಮೂರನೇ ಒಂದಕ್ಕೆ ಇಳಿಯಿತು.

ಇಥಿಯೋಪಿಯಾದ ಪಾಠ

ಕಾರ್ಯಕರ್ತೆ ಇದ್ದು ಬೆನ್ನಿಗೆ ಆಸ್ಪತ್ರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾದ ಅನುಭವ ನೋಡಬೇಕು. 2003ರಲ್ಲಿ ಆ ದೇಶ ಆರೋಗ್ಯ ವಿಸ್ತರಣಾ ಕಾರ್ಯಕ್ರಮ ಶುರುಮಾಡಿತು. ಸುಮಾರು 5,000 ಜನರಿರುವ ಪ್ರತಿ ಗ್ರಾಮ ಘಟಕಕ್ಕೆ ಒಂದು ಪುಟ್ಟ ಆರೋಗ್ಯ ಠಾಣೆ, ಅಲ್ಲಿಗೆ ಇಬ್ಬರು ಹುಡುಗಿಯರು. ಹತ್ತನೇ ತರಗತಿ ಮುಗಿಸಿದವರು, ಒಂದು ವರ್ಷದ ತರಬೇತಿ ಪಡೆದವರು, ಸರ್ಕಾರದಿಂದ ತಿಂಗಳ ಸಂಬಳ ಪಡೆಯುವವರು. ಏಳೆಂಟು ವರ್ಷದಲ್ಲಿ 30,000ಕ್ಕೂ ಹೆಚ್ಚು ಮಂದಿ ನೇಮಕವಾದರು. ಓದಿನಲ್ಲಿ, ತರಬೇತಿಯಲ್ಲಿ, ಸಂಬಳದಲ್ಲಿ ರುವಾಂಡಾದವರಿಗಿಂತ ಇವರ ಸ್ಥಿತಿ ಒಂದು ಕೈ ಮೇಲು.

ಫಲ ಏನಾಯಿತು? ಗರ್ಭನಿರೋಧಕ ಬಳಸುವ ವಿವಾಹಿತೆಯರು 2005ರಲ್ಲಿ ನೂರಕ್ಕೆ 14 ಇದ್ದವರು 2011ಕ್ಕೆ 27 ಆದರು. ಅದು ಮನೆಬಾಗಿಲಲ್ಲೇ ಆಗುವ ಕೆಲಸ, ಆಯಿತು. ಆಸ್ಪತ್ರೆ ಹೆರಿಗೆ ಅದೇ ಅವಧಿಯಲ್ಲಿ ನೂರಕ್ಕೆ 5ರಿಂದ 10 ಆಯಿತು, ಅಷ್ಟೇ. ಮನೆಯಲ್ಲೇ ಹೆತ್ತವರನ್ನು ಕಾರಣ ಕೇಳಿದರೆ ಹತ್ತರಲ್ಲಿ ಆರು ಮಂದಿ, ಆಸ್ಪತ್ರೆಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದರು. ಮೂವರು, ನಮ್ಮಲ್ಲಿ ಆ ರೂಢಿ ಇಲ್ಲ ಎಂದರು. ಹೋದರೂ ಅಲ್ಲಿ ಸೂಲಗಿತ್ತಿ ತರಬೇತಿ ಪಡೆದ ದಾದಿ ಇರುತ್ತಾಳೆಂಬ ಖಾತರಿ ಇರಲಿಲ್ಲ.

ಆಗ ಸರ್ಕಾರ ಕೆಲಸದ ದಿಕ್ಕು ಬದಲಿಸಿತು. ಆರೋಗ್ಯ ಕೇಂದ್ರಗಳಿಗೆ ತರಬೇತಾದ ಸೂಲಗಿತ್ತಿ ದಾದಿಯರು, ತಾಲ್ಲೂಕು ಮಟ್ಟಕ್ಕೆ ಆಂಬುಲೆನ್ಸ್, ದಿನ ತುಂಬಿದವರು ಮುಂಚೆಯೇ ಬಂದು ತಂಗಲು ಕೇಂದ್ರದ ಅಂಗಳದಲ್ಲೇ ಬಿಡಾರಗಳು ಬಂದವು. 2011ರಿಂದ ಐದು ಮನೆಗೆ ಒಬ್ಬಳಂತೆ ಹೆಂಗಸರ ಜಾಲ ಕಟ್ಟಿದರು. ರೂಢಿಗೂ ಜಾಗ ಮಾಡಿಕೊಟ್ಟರು: ಬಾಣಂತಿಗೆ ಕೊಡುವ ಬಾರ್ಲಿ ಹಿಟ್ಟಿನ ಮುದ್ದೆಯಂಥ ಗೆನ್‌ಫೊ, ನಡುವೆ ಗುಳಿ ಮಾಡಿ ಮಸಾಲೆ ಬೆಣ್ಣೆ ಸುರಿದು ತಿನ್ನುವಂಥದ್ದು, ಅದನ್ನು ಆರೋಗ್ಯ ಕೇಂದ್ರದಲ್ಲೇ ಬೇಯಿಸಲು ಬಿಟ್ಟರು. ಬಂದ ನೆಂಟರಿಗೆ ಅಲ್ಲೇ ಕಾಫಿ ಹುರಿದು ಕುದಿಸಿ ಕೊಟ್ಟರು. ಆಸ್ಪತ್ರೆ ಹೆರಿಗೆ 2016ಕ್ಕೆ ನೂರಕ್ಕೆ 26, 2019ಕ್ಕೆ 48 ಆಯಿತು. 2011ರಲ್ಲಿ ಲಕ್ಷಕ್ಕೆ 676 ಇದ್ದ ತಾಯಂದಿರ ಸಾವು 2016ರ ಸಮೀಕ್ಷೆಯಲ್ಲಿ 412 ಆಗಿತ್ತು. ಮನೆಬಾಗಿಲಿನ ಹುಡುಗಿಯರು ಮೊದಲಿನವರೇ. ಬದಲಾದದ್ದು ಅವರು ಕೈ ತೋರಿಸುತ್ತಿದ್ದ ಜಾಗ. 2020ರ ನವೆಂಬರ್‌ನಲ್ಲಿ ಟಿಗ್ರೆ ಪ್ರದೇಶದಲ್ಲಿ ಯುದ್ಧ ಶುರುವಾಗಿ ಆರೋಗ್ಯ ಕೇಂದ್ರಗಳು ಲೂಟಿಯಾದಾಗ ಈ ಕೊಂಡಿ ಎಷ್ಟು ಬೇಗ ಕಡಿದುಬೀಳಬಲ್ಲದು ಎಂಬುದೂ ಗೊತ್ತಾಯಿತು.

ಕೂಲಿಯ ಮಾತು

ರುವಾಂಡಾದ ಕಾರ್ಯಕರ್ತರಿಗೆ ಸಂಬಳವಿಲ್ಲ. ಮಾಡಿದ ಕೆಲಸದ ಲೆಕ್ಕಕ್ಕೆ ಸರ್ಕಾರ ಕೊಡುವ ಹಣದ ಹೆಚ್ಚಿನ ಪಾಲು ಅವರದೇ ಸಹಕಾರ ಸಂಘಕ್ಕೆ ಹೋಗುತ್ತದೆ, ಉಳಿದದ್ದು ಕೈಗೆ ಬರುತ್ತದೆ. ಸಂಘ ಆ ಹಣದಲ್ಲಿ ಬೇಸಾಯ, ಹಂದಿ, ಕೋಳಿ ಸಾಕಣೆ, ಹಿಟ್ಟಿನ ಗಿರಣಿ ನಡೆಸಿ ಲಾಭ ಹಂಚುತ್ತದೆ. ಚೆನ್ನಾಗಿ ನಡೆಯುವ ಸಂಘದವರಿಗೆ ಅನುಕೂಲ, ಸೊರಗಿದ ಸಂಘದವರಿಗೆ ಕೈ ಖಾಲಿ. ಆಫ್ರಿಕಾದ ಬಹುಪಾಲು ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಇಂದಿಗೂ ನಿಗದಿತ ಸಂಬಳವಿಲ್ಲ. ಕೆಲಸಕ್ಕೆ ತಕ್ಕ ಹಣ ಕೊಡಬೇಕು, ಬರಿಯ ಪ್ರೋತ್ಸಾಹಧನದ ಮೇಲೆ ದುಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ.

ಈ ಮಾತು ನಮಗೆ ಹೊಸದಲ್ಲ. ಇಥಿಯೋಪಿಯಾದ ಕಾರ್ಯಕ್ರಮ ಬೆಳೆಯುತ್ತಿದ್ದ 2005ರಲ್ಲೇ ನಮ್ಮಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ ಆಶಾ ಕಾರ್ಯಕರ್ತೆಯರು ಬಂದರು. ಆಗ ಇಥಿಯೋಪಿಯಾದ ಆರೋಗ್ಯ ಮಂತ್ರಿಯಾದ ಟೆಡ್ರೋಸ್ ಅಧಾನೋಮ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಅವರ ಕಾಲದಲ್ಲಿ, 2022ರಲ್ಲಿ, ಆ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. ಪ್ರಶಸ್ತಿ ಬಂದ ಮೇಲೂ ನಮ್ಮ ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರುವುದು ತಪ್ಪಲಿಲ್ಲ. ಆಸ್ಪತ್ರೆಯ ಹೊಸ್ತಿಲು ದಾಟಿಸಿದ ಮಾತ್ರಕ್ಕೆ ತಾಯಿ ಉಳಿಯುವುದಿಲ್ಲ ಎಂಬುದನ್ನೂ, 2024ರ ಕೊನೆಯಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ಸುದ್ದಿ ಓದಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಹಣದ ಇನ್ನೊಂದು ಅಪಾಯ ಆಫ್ರಿಕಾಕ್ಕೆ ಈಗ ಎದುರಾಗಿದೆ. ಅಲ್ಲಿನ ಹಲವು ದೇಶಗಳಲ್ಲಿ ಕಾರ್ಯಕರ್ತೆಯ ಚೀಲದ ಮಾತ್ರೆ, ಪರೀಕ್ಷೆಯ ಕಿಟ್, ತರಬೇತಿಯ ಖರ್ಚು ಬರುತ್ತಿದ್ದದ್ದು ವಿದೇಶಿ ನೆರವಿನಿಂದ. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ತಡೆಹಿಡಿದಾಗ ಮೊದಲು ಅಲುಗಾಡಿದ್ದು ಇಂಥ ಕೆಲಸಗಳೇ. ಕಾರ್ಯಕರ್ತೆ ಊರಿನವಳೇ ಆದ್ದರಿಂದ ಊರು ಬಿಟ್ಟು ಹೋಗುವುದಿಲ್ಲ, ಆದರೆ ಚೀಲ ಖಾಲಿಯಾದರೆ ಜನ ಆಕೆಯ ಬಾಗಿಲಿಗೆ ಬರುವುದನ್ನು ನಿಲ್ಲಿಸುತ್ತಾರೆ.

ಹಾಗಾಗಿ ಯಾವ ದೇಶದ್ದೇ ಇರಲಿ, ತಾಯಂದಿರನ್ನು ಉಳಿಸುವ ಇಂಥ ಯೋಜನೆಯ ಸುದ್ದಿ ಓದಿದಾಗ ಎಷ್ಟು ಸಾವಿರ ಕಾರ್ಯಕರ್ತೆಯರು, ಎಷ್ಟು ಮೊಬೈಲು ಎಂಬ ಅಂಕಿಗೆ ನಿಲ್ಲಬೇಡಿ. ಐದು ಪ್ರಶ್ನೆ ಕೇಳಿ. ಆಕೆಯನ್ನು ಆರಿಸಿದ್ದು ಊರಿನವರೋ ಕಚೇರಿಯೋ? ಆಕೆ ಕರೆದಾಗ ಗಾಡಿ ಬರುತ್ತದೆಯೇ? ರಾತ್ರಿ ಎರಡು ಗಂಟೆಗೆ ಆರೋಗ್ಯ ಕೇಂದ್ರದಲ್ಲಿ ದಾದಿ ಇರುತ್ತಾಳೆಯೇ? ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತವಿದೆಯೇ? ತಿಂಗಳ ಕೊನೆಗೆ ಆಕೆಯ ಕೈಗೆ ಹಣ ಸೇರುತ್ತದೆಯೇ? ಐದಕ್ಕೂ ಹೌದು ಎಂಬ ಉತ್ತರ ಬಂದ ಕಡೆ ತಾಯಂದಿರ ಸಾವು ತಗ್ಗುತ್ತದೆ. ಮೊದಲನೆಯದಕ್ಕೆ ಮಾತ್ರ ಹೌದು ಎಂದು ಬಂದರೆ, ಆ ಯೋಜನೆ ಅರ್ಧ ದಾರಿಯಲ್ಲೇ ನಿಂತಿದೆ ಎಂದು ತಿಳಿಯಿರಿ.